ಎತ್ತಿದ ಕೈ

ಹಿಡಿ ಮಣ್ಣಿಗೆಂದು ಧನಪಾಲ ಗುಂಡಿಯ ಅಂಚಿನಲ್ಲಿ ಬಾಗುತ್ತಿದ್ದಂತೆ ಕೆಂಪವ್ವ ತಡೆದಳು.

“ತಡೀರಿ ಸಾವಕಾರ್ರ. ಮೊದಲ ನಿಮ್ಮನ್ನ ಕಂಬಳಿ ಮ್ಯಾಲ ನಿಂದರಸಬೇಕು.”

ಗುಂಡಿಯೊಳಗೆ ಅವಳ ಗಂಡ ಹುಲೆಪ್ಪ ಮಲಗಿದ್ದ. ಆರು ವರ್ಷದ ಹಿಂದೆ ಸಂಸ್ಥಾನದ ಸಭೆಯಲ್ಲಿ ಕುರುಬರ ಪರವಾಗಿ ಕೂತಿದ್ದವನು ಅವನೊಬ್ಬನೇ. ಮಗ್ಗುಲಲ್ಲಿ ಕೂತಿದ್ದವನು ಅರಳೆ ವ್ಯಾಪಾರಿ ಜೈನರ ಧನಪಾಲ, ಚಿಕ್ಕಂದಿನ ಗೆಳೆಯ.

ಕೆಂಪವ್ವ ಗಂಡನ ಕರಿ ಕಂಬಳಿ ಹಾಸಿ ಅರಿಶಿನದ ಭಂಡಾರ ಎರಚಿದಳು. ಭಂಡಾರ ಬಿದ್ದ ಕಂಬಳಿಯ ಮೇಲೆ ನಿಂತು ಕುರುಬರಲ್ಲಿ ಯಾರೂ ಸುಳ್ಳಾಡುವುದಿಲ್ಲ.

“ಎಲ್ಲಾರೂ ಕೇಳ್ರೆಪಾ. ನಮ್ಮನಿಯವ್ರನ್ನ ಸಭಾದಿಂದ ಹೊರಗ ಹಾಕುವಾಗ ಕೈ ಎತ್ತದವ್ರು ಇವ್ರೊಬ್ರ. ನಮ್ಮನಿಯವ್ರ ಬಾಯಿಲೇನ ಕೇಳೇನಿ. ಮೊದಲ ಮಣ್ಣು ಇವ್ರು ಕೊಡ್ಲಿ.”

ಧನಪಾಲ ಗುಂಡಿಯತ್ತ ತಿರುಗಿದ. ಹಾಗೆ ಹೇಳಿದ್ದನೇ ಹುಲೆಪ್ಪ? ಅದಕ್ಕೇ ಇಷ್ಟು ವರ್ಷ ಈ ಮನೆಯಲ್ಲಿ ತನಗೆ ಮಜ್ಜಿಗೆ ಸಿಗುತ್ತಿತ್ತೇ!

*

ಆ ಸಭೆಯೋ, ಕನ್ನಡದ ನೆಲದಲ್ಲಿ ಮರಾಠಿಯಲ್ಲೇ ಕೆಮ್ಮುವ ಸಭೆ. ಕುರಿ ಮೇಯುವ ಗಾಯರಾಣವನ್ನು ಹರಾಜು ಹಾಕುವ ಮಾತು ಬಂದಿತ್ತು. ಹುಲೆಪ್ಪ ಎರಡು ಸಲ ಎದ್ದ. ಕನ್ನಡದಲ್ಲಿ ಮಾತಾಡಿದನೆಂದು ಎರಡು ಸಲವೂ ಕೂರಿಸಿದರು. ಮೂರನೆಯ ಸಲ ಹೆಗಲ ಕಂಬಳಿಯನ್ನು ನೆಲಕ್ಕೆ ಹಾಸಿ, ಭಂಡಾರ ಎರಚಿ, ಬೀರಪ್ಪನ ಪದ ಎತ್ತಿಕೊಂಡ. ಎಂಥ ದನಿ! ಹೊರಗಿದ್ದ ಸಿಪಾಯಿಗಳೂ ಇಣುಕಿದರು.

“ಇದೇನು ಸಭೆಯೋ, ಕುರಿದೊಡ್ಡಿಯೋ?” ಎಂದು ಅಧ್ಯಕ್ಷರು ಮರಾಠಿಯಲ್ಲಿ ಗದರಿದರು. ಸಭೆಯ ಮರ್ಯಾದೆ ಹೋಯಿತಂತೆ. ಒಂದು ವರ್ಷ ಹೊರಗಿಡಬೇಕಂತೆ. ಒಪ್ಪಿದವರು ಕೈ ಎತ್ತಬೇಕು.

‘ಅದು ಅವರ ದೇವರ ಪದ, ಬೈಗುಳವಲ್ಲ’ ಎಂದು ಹೇಳಬೇಕೆಂದು ಧನಪಾಲನ ಬಾಯಿತನಕ ಬಂದಿತ್ತು. ಅಧ್ಯಕ್ಷರು ಅವನತ್ತಲೇ ನೋಡುತ್ತಿದ್ದರು. ಅರಳೆ ಗಿರಣಿಯ ಪರವಾನಗಿ ಅವರ ಕೈಯಲ್ಲಿತ್ತು. ಹೇಡಿ, ಕೈ ಎತ್ತಿಬಿಟ್ಟ. ಹುಲೆಪ್ಪ ಅದನ್ನು ನೋಡಿದ. ಬಯ್ಯಲಿಲ್ಲ; ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ನಡೆದ.

ಅವನಿಲ್ಲದ ಆ ವರ್ಷದಲ್ಲೇ ಗಾಯರಾಣ ಹರಾಜಾಯಿತು. ಹುಲೆಪ್ಪ ಕುರಿ ಮಾರಿ ಬನಹಟ್ಟಿಯಲ್ಲಿ ಮಂದಿಯ ಮಗ್ಗಕ್ಕೆ ಕೂತ.

*

“ಬರ್ರಿ,” ಎಂದಳು ಕೆಂಪವ್ವ. ಅವನಿಗೆ ಕೊಡಲೆಂದು ಹಿಡಿ ಮಣ್ಣು ಎತ್ತಿ ಹಿಡಿದಿದ್ದಳು.

ಧನಪಾಲ ಬರಿಗಾಲಲ್ಲಿ ಕಂಬಳಿಯ ಮೇಲೆ ನಿಂತ. ಉಣ್ಣೆ ಅಂಗಾಲಿಗೆ ಚುಚ್ಚಿತು.

ಹುಲೆಪ್ಪನ ತಮ್ಮ ಕರೆಪ್ಪ ಮುಂದೆ ಬಂದ. “ಕೈ ಎತ್ತಿದವ್ರ ಹೆಸರು ಅಣ್ಣ ಒಂದೂ ಹೇಳ್ಲಿಲ್ರಿ. ಎಷ್ಟ್ ಕೇಳಿದ್ರೂ ಸುಮ್ನ ನಗತಿದ್ದ. ನೀವರ ಹೇಳ್ರಿ.”

ಸುಮ್ಮನೆ ಮಣ್ಣು ಹಾಕಿ ಮನೆಗೆ ನಡೆದುಬಿಡಬಹುದಿತ್ತು. ಅಲ್ಲಿ ನಿಜ ಗೊತ್ತಿದ್ದವನು ಒಬ್ಬನೇ, ಅವನು ಗುಂಡಿಯಲ್ಲಿದ್ದ. ಆದರೆ ಕಾಲಡಿಯಲ್ಲಿ ಭಂಡಾರವಿತ್ತು.

“ಹೇಳ್ರಿ ಸಾವಕಾರ್ರ,” ಎಂದ ಕರೆಪ್ಪ. “ಕೈ ಎತ್ತಿದವ್ರು ಯಾರು?”

ಧನಪಾಲನ ಬಲಗೈ ಮೆಲ್ಲಗೆ, ಆ ದಿನ ಎದ್ದಂತೆಯೇ, ಎದ್ದು ನಿಂತಿತು.

ಕೆಂಪವ್ವನ ಮುಷ್ಟಿ ಸಡಿಲಿ, ಅವನಿಗೆಂದು ಹಿಡಿದಿದ್ದ ಮಣ್ಣು ಕಂಬಳಿಯ ಮೇಲೆ ಸುರಿಯತೊಡಗಿತು.