ಮುಟ್ಟಬಾರದ ರೀಡು

ಅಂಗಡಿಗೆ ಬರುವವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಹಾರ್ಮೋನಿಯಂ ರಿಪೇರಿ ಮಾಡುವ ಮನೆತನದಲ್ಲಿ ಅವಳದು ಮೂರನೆಯ ತಲೆಮಾರು. ಪೆಟ್ಟಿಗೆ ಹೊತ್ತು ತಂದವನು ಅದನ್ನು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕಪ್ಪು ಬಿಳಿ ಮನೆಗಳನ್ನು ಒಂದೊಂದಾಗಿ ಒತ್ತಿ, "ಏಳನೇದು ಏರಿದೆ, ಹನ್ನೆರಡನೇದು ಗೊರಗೊರ ಅನ್ನುತ್ತೆ, ತಿದಿಗೆ ಇಲಿ ಬಾಯಿ ಹಾಕಿದೆ" ಎಂದು ಹೇಳಿಬಿಡುತ್ತಿದ್ದಳು. ಇಲಿಯ ವಿಷಯ ತಿಳಿದದ್ದು ಕಿವಿಯಿಂದಲೋ ಮೂಗಿನಿಂದಲೋ ಎಂದು ಗಿರಾಕಿಗಳು ಛೇಡಿಸುತ್ತಿದ್ದರು. ಈಗ ಎರಡು ತಿಂಗಳಿಂದ ಮಾತ್ರ ಯಾರಾದರೂ ಅವಳ ಕಿವಿಯನ್ನು ಹೊಗಳಿದರೆ ಅವಳು ತಲೆ ಬಗ್ಗಿಸಿ ಬೀಳದೇ ಇದ್ದ ಸ್ಕ್ರೂ ಹುಡುಕತೊಡಗುತ್ತಾಳೆ.

ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಾಗ ಆದ ಕೆಲಸ ಅದು. ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಮನೆಯ ಪೆಟ್ಟಿಗೆ ಇತ್ತು. ಅವಳ ತಾತ ಸ್ವಂತ ಕೈಯಿಂದ ಮಾಡಿದ್ದು. ಊರಿನವರ ಪೆಟ್ಟಿಗೆಗಳನ್ನೆಲ್ಲ ಸರಿ ಮಾಡುವ ಆ ಮನೆಯಲ್ಲಿ ಮನೆಯ ಪೆಟ್ಟಿಗೆಯೇ ಸರಿ ಇರಲಿಲ್ಲ. ಅದರ ನಡುವಿನ ಗಾಂಧಾರ ಕೂದಲೆಳೆಯಷ್ಟು ಇಳಿದಿತ್ತು. ಸಾಮಾನ್ಯ ಕಿವಿಗೆ ತಿಳಿಯುವಂಥದ್ದಲ್ಲ, ಆದರೆ ಅವಳ ಕಿವಿ ಸಾಮಾನ್ಯದ್ದಲ್ಲವಲ್ಲ. ಚಿಕ್ಕಂದಿನಲ್ಲಿ ಕೇಳಿದಾಗ ಅಪ್ಪ ಹೇಳಿದ್ದು ಇಷ್ಟೇ: "ಅದೊಂದನ್ನ ಮುಟ್ಟಬೇಡ." ಏಕೆ ಎಂದರೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದರು.

ಆ ಗಾಂಧಾರದ ಮೇಲೆ ಅವಳಿಗೆ ಹಳೆಯ ಸಿಟ್ಟಿತ್ತು. ಆ ಪೆಟ್ಟಿಗೆಯ ಜೊತೆಗೇ ಹಾಡಲು ಕಲಿತವಳು ಅವಳು. ಹದಿನಾರನೆಯ ವಯಸ್ಸಿನಲ್ಲಿ ಸ್ಪರ್ಧೆಯೊಂದರಲ್ಲಿ ಹಾಡಿ ಮುಗಿಸಿದಾಗ, ತುಂಬಿದ ಸಭೆಯ ಎದುರಿಗೆ ತೀರ್ಪುಗಾರ, "ದನಿ ಚೆನ್ನಾಗಿದೆ, ಆದರೆ ಗಾಂಧಾರ ಪ್ರತಿ ಸಲ ಮುಳುಗುತ್ತೆ. ನಿಮ್ಮ ಮನೇಲಿ ಶ್ರುತಿ ಮಾಡೋರೇ ಇರೋದಲ್ವಾ?" ಎಂದು ಕೇಳಿದ್ದ. ಜನ ನಕ್ಕಿದ್ದರು. ಮನೆಗೆ ಬಂದು ಅತ್ತು, ಆಮೇಲೆ ವರ್ಷಗಟ್ಟಲೆ ಹಟ ಹಿಡಿದು ಗಂಟಲನ್ನು ತಿದ್ದಿಕೊಂಡಳು. ಗಂಟಲು ಸರಿಹೋಯಿತು, ಹಾಡುವ ಆಸೆ ಮಾತ್ರ ಎಲ್ಲೋ ಉದುರಿಹೋಯಿತು. ಲೋಹ ಉಜ್ಜುವ ಅರ ಹಿಡಿದು ಅಪ್ಪನ ಪಕ್ಕ ಕೆಲಸಕ್ಕೆ ಕೂತಳು.

ಹಾಗಾಗಿ ಅಪ್ಪ ಆಸ್ಪತ್ರೆಯಲ್ಲಿದ್ದ ಒಂಬತ್ತನೆಯ ದಿನ ಮಧ್ಯಾಹ್ನ ಅವಳು ಮುಚ್ಚಳ ಬಿಚ್ಚಿದಳು. ಅಪ್ಪ ಬಂದು ನುಡಿಸಿದಾಗ ಖುಷಿಯಾಗಲಿ ಎಂದುಕೊಂಡಳು. ಅದು ತನಗೆ ತಾನೇ ಹೇಳಿಕೊಂಡ ಕಾರಣ. ಸ್ವರ ಹುಟ್ಟಿಸುವ ಹಿತ್ತಾಳೆಯ ತೆಳು ಪಟ್ಟಿಯೇ ರೀಡು. ಅದರ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆದದ್ದು ಮತ್ತೆ ಅಂಟುವುದಿಲ್ಲ. ಅವಳು ತುದಿಯನ್ನು ನಾಲ್ಕು ಸಲ ಸವರಿದಳು. ಶ್ರುತಿ ಅಳೆಯುವ ಪುಟ್ಟ ಯಂತ್ರದಲ್ಲಿ ಹಸಿರು ದೀಪ ಹೊತ್ತಿತು. ಆಗ ಅವಳಿಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಇಪ್ಪತ್ತೆರಡು ವರ್ಷದ ಸೇಡು ತೀರಿಸಿಕೊಂಡವಳ ಸಂತೋಷ ಅದು.

ಅಪ್ಪ ಕೋಲೂರಿಕೊಂಡು ಮನೆಗೆ ಬಂದವರು ಕೈಕಾಲು ತೊಳೆದು ನೇರವಾಗಿ ಪೆಟ್ಟಿಗೆಯ ಮುಂದೆ ಕೂತರು. ಅವಳ ಎಂಟು ವರ್ಷದ ಮಗಳು ತಾತನ ಬೆನ್ನಿಗೆ ಅಂಟಿಕೊಂಡಳು. ಹುಟ್ಟಿದಾಗ ಸಣ್ಣ ದನಿಯಲ್ಲಿ ಎಡೆಬಿಡದೆ ಅಳುತ್ತಿದ್ದುದರಿಂದ ಅವಳಿಗೆ ಪೀಪಿ ಎಂದೇ ಹೆಸರು ನಿಂತಿತ್ತು. ಅಪ್ಪ ತಿದಿ ಒತ್ತಿ ದಿನವೂ ನುಡಿಸುವ ಹಾಡಿನ ಮೊದಲ ಸಾಲು ಎತ್ತಿದರು. ಗಾಂಧಾರದ ಮೇಲೆ ಬೆರಳು ನಿಂತಿತು. ಮತ್ತೆ ಒತ್ತಿದರು. ತಲೆ ಓರೆ ಮಾಡಿ, ಕಿವಿಯನ್ನು ಪೆಟ್ಟಿಗೆಗೆ ಹತ್ತಿರ ತಂದು ಮತ್ತೊಮ್ಮೆ ಒತ್ತಿದರು.

"ಪೆಟ್ಟಿಗೆ ಬಿಚ್ಚಿದ್ಯೇನಮ್ಮ?"

ಅವರ ಮುಖದಲ್ಲಿ ಖುಷಿಯ ಸುಳಿವೂ ಇರಲಿಲ್ಲ. ಕೈತಪ್ಪಿದ ಮಗುವನ್ನು ಸಂತೆಯಲ್ಲಿ ಹುಡುಕುವವರ ಮುಖವಾಗಿತ್ತು ಅದು. ಹೌದು ಎನ್ನಲು ತೆರೆದ ಬಾಯಿಂದ ಬೇರೆಯದೇ ಮಾತು ಬಂತು.

"ಇಲ್ಲಪ್ಪ. ಮುಟ್ಟೇ ಇಲ್ಲ. ಮೇಲೆ ಧೂಳು ಒರೆಸಿದೆ, ಅಷ್ಟೇ."

"ಹಾಗಾದ್ರೆ ನನ್ನ ಕಿವಿ ಹೋಯ್ತು," ಎಂದರು ಅಪ್ಪ. ಹೊತ್ತಾಯ್ತು, ಅಂಗಡಿ ಮುಚ್ಚೋಣ ಎನ್ನುವಷ್ಟು ಸಾದಾ ದನಿಯಲ್ಲಿ ಅಂದರು. ಮುಚ್ಚಳ ಮುಚ್ಚಿ, ಅದರ ಮೇಲೆ ಬಟ್ಟೆ ಹೊದಿಸಿದರು.

ಅಂದು ಸಂಜೆಯೇ ಹೇಳಿಬಿಡಬಹುದಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆ ಎನ್ನುವುದು ಎಷ್ಟು ಬೇಗ ವಾರವಾಗುತ್ತದೆ ಎಂದು ಸುಳ್ಳು ಹೇಳಿ ನೋಡಿದವರಿಗೇ ಗೊತ್ತು. ವಾರ ಕಳೆದ ಮೇಲೆ ಹೇಳಬೇಕಾದದ್ದು ಎರಡಾಯಿತು: ಕೆರೆದದ್ದು ಒಂದು, ಇಷ್ಟು ದಿನ ಬಾಯಿ ಬಿಡದೆ ಕೂತದ್ದು ಇನ್ನೊಂದು. ಎರಡನೆಯದು ಮೊದಲನೆಯದಕ್ಕಿಂತ ದಪ್ಪಗಿತ್ತು.

ಅಪ್ಪ ಅಂಗಡಿಗೆ ಬರುವುದನ್ನು ಬಿಡಲಿಲ್ಲ, ಕೆಲಸ ಬಿಟ್ಟರು. ಗಿರಾಕಿ ಪೆಟ್ಟಿಗೆ ತೋರಿಸಿದರೆ, "ಮಗಳನ್ನ ಕೇಳಿ, ನಂದೀಗ ಆಯ್ತು" ಎಂದು ಪಾಲಿಶ್ ಬಟ್ಟೆ ಎತ್ತಿಕೊಳ್ಳುತ್ತಿದ್ದರು. ನಲವತ್ತೈದು ವರ್ಷ ಊರಿಗೆ ಶ್ರುತಿ ಹೇಳಿಕೊಟ್ಟ ಮನುಷ್ಯ ಮೂಲೆಯಲ್ಲಿ ಕೂತು ಪೆಟ್ಟಿಗೆಗಳ ಕಾಲು ಉಜ್ಜುತ್ತಿದ್ದರು. ಅವಳು ಕಣ್ಣಿಗೆ ಕಣ್ಣು ಕೊಡದೆ ಓಡಾಡುತ್ತಿದ್ದಳು. ಅವಳ ಗಂಡ ಬಸ್ಸು ಓಡಿಸುವವನು, ಹಾರ್ನು ಬಿಟ್ಟರೆ ಬೇರೆ ವಾದ್ಯ ತಿಳಿಯದವನು, ಅವನೂ, "ಮಾವ ಯಾಕೆ ಸಪ್ಪಗಿದ್ದಾರೆ?" ಎಂದು ಕೇಳಿದ.

ಎಲ್ಲಕ್ಕಿಂತ ಚುಚ್ಚಿದ್ದು ಪೀಪಿಯ ಪಾಠ. ಮೊಣಕಾಲು ಸರಿಯಾದ ಮೇಲೆ ಪೆಟ್ಟಿಗೆ ಕಲಿಸುತ್ತೇನೆ ಎಂದು ತಾತ ಮಾತು ಕೊಟ್ಟಿದ್ದರು. ಅಪ್ಪನಿಗೆ ಅವರ ಅಪ್ಪ, ಅವಳಿಗೆ ಅಪ್ಪ ಕಲಿಸಿದ್ದು ಅದೇ ಕಿಟಕಿಯ ಪಕ್ಕ. ಪೀಪಿ ಹೊಸ ನೋಟ್ ಪುಸ್ತಕಕ್ಕೆ ರಟ್ಟು ಹಾಕಿಕೊಂಡು ಬಂದಾಗ ತಾತ ಅದನ್ನು ತಿರುವಿ ನೋಡಿ ವಾಪಸ್ ಕೊಟ್ಟರು.

"ಕೆಟ್ಟ ಕಿವಿಯಿಂದ ಕಲಿಸಿದ್ರೆ ಕೆಟ್ಟದ್ದೇ ಮುಂದಕ್ಕೆ ಹೋಗುತ್ತೆ ಕಂದ. ಇಲ್ಲಿಗೆ ನಿಲ್ಲಲಿ."

ಪೀಪಿ ಪುಸ್ತಕವನ್ನು ಬೀರುವಿನ ಹಿಂದೆ ತುರುಕಿದಳು. ಕಸ ಗುಡಿಸುವಾಗ ಅದು ಪೊರಕೆಗೆ ಸಿಕ್ಕಿತು. ಕಿವಿಯಕ್ಕ ಅದನ್ನು ಅಲ್ಲೇ ಬಿಟ್ಟು ಉಳಿದ ನೆಲ ಗುಡಿಸಿದಳು.

ತಪ್ಪೊಪ್ಪಿಕೊಳ್ಳುವ ಧೈರ್ಯವಿಲ್ಲದವರು ಸೇವೆ ಮಾಡಲು ಓಡುತ್ತಾರೆ. ಅವಳು ಅಪ್ಪನನ್ನು ಕಿವಿ ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಯಂತ್ರ ಹಾಕಿ, ಕುಂಯ್ ಎಂದಾಗಲೆಲ್ಲ ಗುಂಡಿ ಒತ್ತಿಸಿದರು. ಹೊರಗೆ ಬಂದ ಅಪ್ಪ, "ಆ ಯಂತ್ರದ ಶ್ರುತಿ ಸ್ವಲ್ಪ ನೋಡಿಸಿ ಡಾಕ್ಟ್ರೇ" ಎಂದರು. ಡಾಕ್ಟರು ನಕ್ಕು, ಐವತ್ತರವರಿಗೂ ಇಂಥ ಕಿವಿ ಇರುವುದಿಲ್ಲ ಎಂದು ಬರೆದುಕೊಟ್ಟರು.

ಇನ್ನು ಅಪ್ಪನಿಗೆ ಕಿವಿಯ ಚಿಂತೆ ಇರುವುದಿಲ್ಲ ಎಂದುಕೊಂಡಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಅಪ್ಪ ಆ ಚೀಟಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು.

"ಆ ರೀಡು ಕೆರೆದಿದ್ದು ನಮ್ಮಮ್ಮ," ಎಂದರು ಇದ್ದಕ್ಕಿದ್ದಂತೆ. "ಅಪ್ಪ ತಿದಿಗೆ ಚರ್ಮ ತರೋಕೆ ಪೇಟೆಗೆ ಹೋಗಿದ್ರು. ಅಮ್ಮನ ಗಂಟಲಿಗೆ ಆ ಗಾಂಧಾರ ಯಾವತ್ತೂ ಕೂಡ್ತಿರ್ಲಿಲ್ಲ. ತಾನೇ ಅರ ತಗೊಂಡು, ಹಾಡ್ಕೊಂಡು, ತನ್ನ ದನಿಗೆ ಸರಿಯಾಗೋವರೆಗೂ ಬುಡ ಕೆರೆದ್ಲು. ಅಪ್ಪ ಬಂದು ಒತ್ತಿ ನೋಡಿದ್ರು, ಬಯ್ತಾರೆ ಅಂತ ನಾನು ಬಾಗಿಲ ಹಿಂದೆ ಅವಿತ್ಕೊಂಡಿದ್ದೆ. ಬಯ್ಯಲಿಲ್ಲ. ಇದನ್ನ ಯಾರೂ ಮುಟ್ಟಬೇಡಿ ಅಂದ್ರು, ಅಷ್ಟೇ."

"ನನಗ್ಯಾಕೆ ಹೇಳ್ಲಿಲ್ಲ?"

"ಆ ಸ್ಪರ್ಧೆಯಿಂದ ಅತ್ಕೊಂಡು ಬಂದ್ಯಲ್ಲ. ನಿಮ್ಮಜ್ಜಿಯಿಂದ ಹೀಗಾಯ್ತು ಅಂತ ಹೇಳಿದ್ರೆ ಅವಳ ಮೇಲೆ ನಿಂಗೆ ಸಿಟ್ಟು ಬಂದೀತು ಅಂತ ಸುಮ್ನಾದೆ." ಚೀಟಿಯನ್ನು ಜೇಬಿಗೆ ಹಾಕಿಕೊಂಡರು. "ಅವಳು ಹೋಗಿ ಮೂವತ್ತು ವರ್ಷ ಆಯ್ತು. ಫೋಟೋ ನೋಡಿದ್ರೆ ಮುಖ ಸಿಗುತ್ತೆ. ದನಿ ಸಿಗ್ತಾ ಇದ್ದದ್ದು ಅಲ್ಲಿ ಮಾತ್ರ. ಈಗ ಒತ್ತಿದ್ರೆ ಯಾರೋ ಬೇರೆಯವರು ಓ ಅಂದ ಹಾಗಾಗುತ್ತೆ. ಕಿವಿ ಸರಿ ಇದೆ ಅಂತಾರೆ ಡಾಕ್ಟ್ರು. ಅಂದ್ರೆ ತಲೆಯಿಂದ ಅಮ್ಮ ಹೋದ್ಲು ಅಂತ ಅರ್ಥ."

ಈಗ ಹೇಳು, ಈಗಲೇ ಹೇಳು ಎಂದು ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು. ಬಸ್ಸಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು. ಹತ್ತಿ ಕೂತ ಮೇಲೆ ಹಾಗೆ ಮುಗಿದದ್ದಕ್ಕೆ ಅಸಹ್ಯಪಟ್ಟಳು.

ಮರುದಿನ ಮಧ್ಯಾಹ್ನ ಅಪ್ಪ ಮಲಗಿದ್ದಾಗ ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಪೆಟ್ಟಿಗೆ ಬಿಚ್ಚಿದಳು. ರಿಪೇರಿ ಮಾಡುವವರ ಬುದ್ಧಿ ಎಲ್ಲಿಗೆ ಓಡುತ್ತದೆ? ಯಾರಿಗೂ ತಿಳಿಯದ ಹಾಗೆ ಬುಡ ಕೆರೆದು ಹಳೆಯ ಗಾಂಧಾರಕ್ಕೆ ಇಳಿಸಿಬಿಟ್ಟರೆ ಅಪ್ಪನಿಗೆ ಅವರಮ್ಮ ಸಿಗುತ್ತಾರೆ, ತನಗೆ ಮಾನ ಉಳಿಯುತ್ತದೆ. ಆದರೆ ಎಷ್ಟು ಇಳಿಸಬೇಕು? ಅಪ್ಪ ನುಡಿಸಿದ್ದನ್ನು ಯಾರೂ ರೆಕಾರ್ಡ್ ಮಾಡಿಟ್ಟಿರಲಿಲ್ಲ. ಮನೆಯಲ್ಲಿ ದಿನವೂ ಇರುವ ದನಿಯನ್ನು ಯಾರು ಹಿಡಿದಿಡುತ್ತಾರೆ? ತಾನೇ ಹಾಡಿ ನೋಡಿದಳು. ಗಾಂಧಾರ ನೆಟ್ಟಗೆ, ಹಸಿರು ದೀಪದಂತೆ ಬಂತು. ಹತ್ತು ಸಲ ಹಾಡಿದರೂ ಹತ್ತು ಸಲವೂ ಅದೇ. ರೀಡನ್ನು ಕೆರೆಯುವ ಎಷ್ಟೋ ವರ್ಷ ಮೊದಲೇ ತನ್ನ ಗಂಟಲಿನಿಂದ ಅದನ್ನು ಕೆರೆದು ಹಾಕಿಯಾಗಿತ್ತು.

ಮೇಜಿನ ಕೆಳಗೆ ಪೀಪಿ ಲೆಕ್ಕ ಮಾಡುತ್ತಾ ಕೂತಿದ್ದಳು. ಅಮ್ಮ ಒಂದೇ ಸಾಲನ್ನು ಹತ್ತು ಸಲ ಹಾಡಿದ್ದು ಕೇಳಿ ಬೇಸರವಾಗಿಯೋ ಏನೋ, ಮುಂದಿನ ಸಾಲು ತಾನೇ ಗುನುಗಿದಳು. ತೊಡೆಯ ಮೇಲೆ ಹಾಕಿಕೊಂಡು ತಾತ ಗುನುಗುತ್ತಿದ್ದ ಹಾಡು ಅದು. ಗಾಂಧಾರ ಬಂತು. ಕೂದಲೆಳೆಯಷ್ಟು ಇಳಿದು, ಎಲ್ಲಿ ಕೂರಬೇಕೋ ಅಲ್ಲಿ ಕೂತಿತು.

ಕಿವಿಯಕ್ಕ ಬಗ್ಗಿ, "ಇನ್ನೊಂದು ಸಲ ಹಾಡು ಪುಟ್ಟ. ಮೆಲ್ಲಗೆ," ಎಂದಳು.

ಪೀಪಿ ಬಾಗಿಲ ಕಡೆ ನೋಡಿದಳು, ಬಿಚ್ಚಿದ ಪೆಟ್ಟಿಗೆ ನೋಡಿದಳು, ಅಮ್ಮನ ಕೈಯಲ್ಲಿದ್ದ ಅರ ನೋಡಿದಳು. ಬುದ್ಧಿವಂತೆ. ಅವಳೂ ದನಿ ತಗ್ಗಿಸಿದಳು.

"ತಾತಂಗೆ ಹೇಳ್ಬಾರ್ದಾ ಅಮ್ಮ? ಕೇಳಿದ್ರೆ ಧೂಳು ಒರೆಸ್ತಿದ್ವಿ ಅಂತ ಹೇಳ್ಲಾ?"

ಅವಳು ಅರ ಕೆಳಗಿಟ್ಟಳು. ಅಜ್ಜಿಯಿಂದ ಅಪ್ಪನಿಗೆ, ಅಪ್ಪನಿಂದ ಪೀಪಿಗೆ ಒಂದು ಸ್ವರ ಹೋಗಿ ಮುಟ್ಟಿತ್ತು. ಪೀಪಿಗೆ ಅಮ್ಮನಿಂದ ಹೋಗಿದ್ದದ್ದು ಈ ಸುಳ್ಳು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಭೂಮಿ ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲವಾದ್ದರಿಂದ ತಾನೇ ಬಿಡಬೇಕಾಯಿತು.

"ಹೋಗಿ ತಾತನ್ನ ಎಬ್ಬಿಸ್ಕೊಂಡು ಬಾ."

ಅಪ್ಪ ಕೋಲೂರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಅವಳು ರೀಡನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದಳು. "ನಾನೇ ಅಪ್ಪ. ನೀವು ಆಸ್ಪತ್ರೇಲಿದ್ದಾಗ. ಕೇಳಿದಾಗ ಸುಳ್ಳು ಹೇಳಿದೆ. ನಿಮ್ಮ ಕಿವಿ ಸರಿಯಾಗೇ ಇದೆ, ತಲೆನೂ ಸರಿಯಾಗೇ ಇದೆ. ನಿಮ್ಮಮ್ಮ ಎಲ್ಲೂ ಹೋಗಿರ್ಲಿಲ್ಲ."

ಅಪ್ಪ ರೀಡನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕಂದಿದ ಹಿತ್ತಾಳೆಯ ತುದಿಯಲ್ಲಿ ಅರ ಆಡಿದ ಜಾಗ ಎರಡು ತಿಂಗಳಾದರೂ ಹೊಸದಾಗಿ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಅದನ್ನು ಸವರಿದರು. ಬಯ್ದಿದ್ದರೆ ಚೆನ್ನಾಗಿತ್ತು. ಬಯ್ಯಲಿಲ್ಲ, ಅವಳ ಕಡೆ ನೋಡಲೂ ಇಲ್ಲ.

"ಪೀಪಿ, ಹಾಡು," ಎಂದರು.

ಪೀಪಿ ಹಾಡಿದಳು. ಅಪ್ಪ ಸ್ಟೂಲಿನ ಮೇಲೆ ಕೂತರು. ಕಣ್ಣು ಮುಚ್ಚಿಕೊಂಡೇ ಅರ ಕೈಗೆತ್ತಿಕೊಂಡು, ಎರಡು ಸಲ ಪ್ರಯತ್ನಿಸಿ, ಆಗದೆ ಅರವನ್ನು ಮಗಳತ್ತ ನೂಕಿದರು. "ನೀನೇ ಕೆರಿ. ಸಾಕು ಅನ್ನೋದು ಅವಳು."

ಊರಿಗೆಲ್ಲ ಶ್ರುತಿ ಹೇಳುವ ಕಿವಿಯಕ್ಕ ಅಂದು ಎಂಟು ವರ್ಷದವಳ ಅಪ್ಪಣೆಗೆ ಕಾಯುತ್ತಾ ಬುಡ ಕೆರೆದಳು. ಒಂದು ಸವರು, ಕೂರಿಸು, ಒತ್ತು, ಹಾಡು. "ಇನ್ನೂ ಮೇಲಿದೆ," ಎಂದಳು ಪೀಪಿ. ಮತ್ತೊಂದು ಸವರು. ಹಿತ್ತಾಳೆ ತೆಳ್ಳಗಾಗುತ್ತಿತ್ತು. ಏಳನೆಯ ಸಲ ಪೀಪಿ, "ಸಾಕು," ಎಂದಳು. ಅಪ್ಪ ಕೈ ಚಾಚಿ ತಾವೇ ಆ ಮನೆ ಒತ್ತಿ ಹಿಡಿದರು. ತಿದಿಯ ಗಾಳಿ ತೀರುವವರೆಗೂ ಬೆರಳು ತೆಗೆಯಲಿಲ್ಲ.

"ಪುಸ್ತಕ ತಗೊಂಡು ಬಾ," ಎಂದರು ಮೊಮ್ಮಗಳಿಗೆ. ಪೀಪಿ ಬೀರುವಿನ ಹಿಂದಕ್ಕೆ ಕೈ ತೂರಿಸಲು ಓಡಿದಳು.

ಕಿವಿಯಕ್ಕ ಮುಚ್ಚಳ ಕೂರಿಸಿ ಸ್ಕ್ರೂ ಹಾಕತೊಡಗಿದಳು. ಎರಡು ತಿಂಗಳಿಂದ ಅವಳನ್ನು ಕೊರೆಯುತ್ತಿದ್ದ ಒಂದು ಮಾತು ಬಾಕಿಯಿತ್ತು. ಅಪ್ಪ ಇಂದು ಮುಚ್ಚಳ ಬಿಚ್ಚಿ ನೋಡುತ್ತಾರೆ ಎಂದು ದಿನಾ ಬೆಳಗ್ಗೆ ಹೆದರಿಕೊಂಡು ಏಳುತ್ತಿದ್ದಳು.

"ಅಪ್ಪ, ನಾಲ್ಕು ಸ್ಕ್ರೂ ಬಿಚ್ಚಿದ್ರೆ ಸಾಕಿತ್ತು. ಆ ಹೊಳಪು ನೋಡಿದ ತಕ್ಷಣ ನಿಮಗೆ ಗೊತ್ತಾಗ್ತಿತ್ತು. ಒಂದು ಸಲನಾದ್ರೂ ಯಾಕೆ ಒಳಗೆ ನೋಡ್ಲಿಲ್ಲ?"

ಅಪ್ಪ ಈಗ ಮೊದಲ ಸಲ ಅವಳ ಮುಖ ನೋಡಿದರು. ಇದೆಂಥ ಪ್ರಶ್ನೆ ಎಂದು ಅವರಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು.

"ಮುಟ್ಟಿಲ್ಲ ಅಂತ ನೀನು ಹೇಳಿದ್ಯಲ್ಲಮ್ಮ," ಎಂದರು.

ಇನ್ನೂ ಎರಡು ಸ್ಕ್ರೂ ಹಾಕುವುದಿತ್ತು. ಅವಳಿಗೆ ತೂತು ಕಾಣಿಸಲಿಲ್ಲ.