ಒಣಗಿಸಿದವರ ಹೆಸರು

‘ವಿದರ್’ ಎಂದು ಕರಿಹಲಗೆಯ ಮೇಲೆ ಬರೆದ ಸಂಗಣ್ಣ ಮಾಸ್ತರರು ಸೀಮೆಸುಣ್ಣದ ಕೈಯನ್ನು ಧೋತರಕ್ಕೆ ಒರೆಸಿಕೊಂಡು ಶಿವಕಾಂತಮ್ಮನ ಕಡೆ ತಿರುಗಿದರು. ನೀರು ಬತ್ತಿದರೆ ‘ಡ್ರೈ ಅಪ್’, ಬಣ್ಣ ಮಾಸಿದರೆ ‘ಫೇಡ್’, ಗಿಡ ಬಾಡಿ ಒಣಗಿದರೆ ‘ವಿದರ್’. ಇಷ್ಟು ಹೇಳಿಯಾಗಿತ್ತು. ಪಕ್ಕದಲ್ಲಿದ್ದ ಹಸೀನಾಬೇಗಂ ಮೂರನ್ನೂ ಪಾಟಿಯ ಮೇಲೆ ಬರೆದುಕೊಂಡಿದ್ದಳು.

“ಮನಷ್ಯಾರಿಗೂ ಹೇಳಬಹುದು,” ಎಂದರು ಮಾಸ್ತರರು. “ಈಗ ಶಿವಕಾಂತಮ್ಮನ್ನೇ ತಗೋರಿ. ಶಿವಕಾಂತಮ್ಮ ಈಜ್ ವಿದರಿಂಗ್.”

ಹಾಗೆಂದು ಹಲಗೆಯ ಮೇಲೂ ಬರೆದರು. ಹಸೀನಾ ನಗಲಿಲ್ಲ. ಬಾಗಿಲಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದ ಮಾಸ್ತರರ ಹೆಂಡತಿ ಅಮೃತಮ್ಮ, ಇಂಗ್ಲಿಷ್ ತಿಳಿಯದಿದ್ದರೂ, ಹೆಸರು ಕೇಳಿ ಮುಗುಳ್ನಕ್ಕಳು. ಆ ನಗೆ ಕಂಡಾಗ ಶಿವಕಾಂತಮ್ಮನಿಗೆ ಇದು ಬರಿಯ ಪಾಠವಲ್ಲ ಅನ್ನಿಸಿತು.

ಚಿತ್ತಾಪುರದ ಈ ಪಡಸಾಲೆಗೆ ಅವಳು ಮಳೆಗಾಲದಿಂದ ಬರುತ್ತಿದ್ದಳು. ಸೊಲ್ಲಾಪುರದ ಗಿರಣಿಗೆ ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ ಮೇಲೆ ಅಣ್ಣ ಪೀರಪ್ಪನ ಮನೆ ಸೇರಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಅದು ಪಾಸಾದರೆ ಬಾಲವಾಡಿಯಲ್ಲಿ ಟೀಚರ್ ಆಗಬಹುದಿತ್ತು. ಸದ್ಯಕ್ಕೆ ಅಲ್ಲೇ ಉಪ್ಪಿಟ್ಟು ಬೇಯಿಸುವ, ಮಕ್ಕಳ ಮೂಗು ಒರೆಸುವ ಆಯಾ. ಸಂಗಣ್ಣ ಮಾಸ್ತರರು ಅವಳಿಗೂ, ನರ್ಸಿಂಗ್ ಸೇರಬೇಕೆಂದಿದ್ದ ಹಸೀನಾಳಿಗೂ ಪುಕ್ಕಟೆ ಪಾಠ ಹೇಳುತ್ತಿದ್ದರು. ಪುಕ್ಕಟೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಾಸ್ತರರೇ ಹೇಳಿದ್ದರು.

ಈಗ ಅವರು ಮೆಲ್ಲಗೆ ವಿಷಯಕ್ಕೆ ಬಂದರು. ಸೇಡಂನಲ್ಲಿ ಅಮೃತಮ್ಮನ ತಮ್ಮನಿಗೆ ಹೆಂಡತಿ ತೀರಿಕೊಂಡಿದ್ದಳು. ಹೊಲ ಮನೆ ಎಲ್ಲ ಇತ್ತು, ನಾಲ್ಕು ಮಕ್ಕಳಿದ್ದವು, ರೊಟ್ಟಿ ಬಡಿಯುವವರು ಇರಲಿಲ್ಲ. ಪೀರಪ್ಪನೊಂದಿಗೆ ಮಾತಾಗಿದೆ, ಉಗಾದಿಯೊಳಗೆ ಉಡಕಿ, ಅಂದರೆ ಮರುಮದುವೆ, ಮಾಡಿ ಅವಳನ್ನು ಆ ಮನೆ ಸೇರಿಸುವುದು ಎಂದರು.

“ಮತ್ತ ಪರೀಕ್ಷಾ?”

“ಈ ಸಲ ಸಾಲಿಯಿಂದ ನಿನ್ನ ಹೆಸರು ಕಳಿಸಿಲ್ಲವ್ವಾ. ಪೀರಪ್ಪನೇ ಬ್ಯಾಡ ಅಂದ.”

ಮಾತು ಯಾವಾಗ ಆಯಿತೆಂದು ಕೇಳಿದಳು. ದೀಪಾವಳಿಗೆ ಎಂದರು. ದೀಪಾವಳಿ ಕಳೆದು ಸಂಕ್ರಾಂತಿ ಹತ್ತಿರ ಬಂದಿತ್ತು. ಅಷ್ಟು ದಿನವೂ ಉಪ್ಪಿಟ್ಟು ಕೈಯಾಡಿಸುತ್ತ ಅವಳು ಕ್ರಿಯಾಪದಗಳನ್ನು ಬಾಯಿಪಾಠ ಮಾಡಿದ್ದಳು. ಇವರು ತಪ್ಪುಗಳ ಮೇಲೆ ಕೆಂಪು ಶಾಯಿ ಎಳೆದು, ಮತ್ತೆ ಬರಿ ಎಂದಿದ್ದರು. ಗಂಡ ಬಿಟ್ಟುಹೋದಾಗ ಅವಳಿಗೆ ಅಳು ಬಂದಿತ್ತು. ಈಗ ಬರಲಿಲ್ಲ. ಸಿಟ್ಟು ಬಂತು.

“ಸರ್, ವಿದರ್ ಅಂದ್ರ ತಾನಾಗೇ ಒಣಗೋದ್ರಿ?”

ಮಾತು ವ್ಯಾಕರಣಕ್ಕೆ ಹೊರಳಿದ್ದು ಮಾಸ್ತರರಿಗೆ ಹಾಯೆನಿಸಿತು. “ಹೌದು. ಈ ವಾಕ್ಯದಾಗ ಅಕರ್ಮಕ. ಯಾರೂ ಮಾಡೋದಲ್ಲ, ತಾನಾಗೇ ಆಗೋದು.”

“ಹಂಗಾರ ಒಣಗಿಸಿದವ್ರ ಹೆಸರು ಎಲ್ಲಿ ಬರೀಬೇಕ್ರಿ?”

ಶಿವಕಾಂತಮ್ಮ ಎದ್ದು ಸೀಮೆಸುಣ್ಣ ತೆಗೆದುಕೊಂಡಳು. ಹಲಗೆಯ ಮೇಲೆ ‘ಬಕ್ಕಪ್ಪ’ ಎಂದು ಬರೆದಳು. ಮದುವೆಯಲ್ಲಿ ಒಗಟು ಕಟ್ಟಿ ಹೇಳಿದ್ದು ಬಿಟ್ಟರೆ ಗಂಡನ ಹೆಸರನ್ನು ಅವಳು ಬಾಯಲ್ಲಿ ಹೇಳಿರಲಿಲ್ಲ. ಅದರ ಕೆಳಗೆ ‘ಪೀರಪ್ಪ’ ಎಂದು ಬರೆದಳು. ಅದರ ಕೆಳಗೆ ‘ಸಂಗ’ ಎನ್ನುವಷ್ಟು ಬರೆದಾಗ, ಓದಲು ಬಾರದ ಅಮೃತಮ್ಮ ಮೊರ ಬಿಟ್ಟು ಎದ್ದಳು. ಏನು ಬರೆಯುತ್ತಿದ್ದಾಳೆಂದು ಗಂಡನನ್ನು ಕೇಳಿದಳು. ಮಾಸ್ತರರು ಸುಮ್ಮನೆ ಒಳಗೆ ಹೋಗು ಎಂದರು.

ಹಸೀನಾ ಮೆಲ್ಲಗೆ ಬಾಯಿಬಿಟ್ಟಳು. ಹೆಸರು ಕೊಡಲು ಇವತ್ತು ಸಂಜೆಯವರೆಗೆ ಅವಕಾಶವಿದೆ, ಹೆಡ್‌ಮಾಸ್ತರರು ಸಾಲೆಯಲ್ಲೇ ಇದ್ದಾರೆ ಎಂದಳು. ಮಾಸ್ತರರು ಅವಳನ್ನು ದುರುಗುಟ್ಟಿ ನೋಡಿದರು.

“ಏಳ್ರಿ ಸರ್,” ಎಂದಳು ಶಿವಕಾಂತಮ್ಮ. “ನೀವೇ ಬಂದು ನನ್ನ ಹೆಸರು ಹೇಳ್ರಿ.”

ಪೀರಪ್ಪನನ್ನು ಕೇಳದೆ ಹೇಗೆ, ಬಿಸಿಲು ಬೇರೆ ಎಂದು ಮಾಸ್ತರರು ರಾಗ ತೆಗೆದರು.

“ನೀವು ಬರಲಿಲ್ಲಂದ್ರ ಈ ವಾಕ್ಯ ನಾ ಸಾಲಿ ಹಲಗಿ ಮ್ಯಾಲ ಬರೀತೀನಿ. ಪೂರಾ ಬರೀತೀನಿ.”

ಮಾಸ್ತರರು ಹಲಗೆಯನ್ನೊಮ್ಮೆ ನೋಡಿ, ಟೊಪ್ಪಿಗೆ ಹಾಕಿಕೊಂಡರು. ಬಜಾರಿನಲ್ಲಿ ನಮಸ್ಕಾರ ಎಂದವರಿಗೆ ನಿಲ್ಲದೆಯೇ ಕೈಯೆತ್ತಿದರು. ಸಾಲೆಯಲ್ಲಿ ಹೆಡ್‌ಮಾಸ್ತರರು, ಕೊನೆಯ ಗಳಿಗೆಯಲ್ಲಿ ಇದೇನು ಎಂದು ಗೊಣಗಿದರು. ಮರೆತಿತ್ತು ಎಂದರು ಸಂಗಣ್ಣ ಮಾಸ್ತರರು. ಅದು ಸುಳ್ಳೆಂದು ಹೇಳಲು ಶಿವಕಾಂತಮ್ಮನ ನಾಲಗೆ ತುದಿಗೆ ಬಂದಿತ್ತು. ತಡೆದುಕೊಂಡು, ತನ್ನ ಹೆಸರಿನ ಕೊನೆಯ ಅಕ್ಷರ ಇಳಿಯುವವರೆಗೂ ಹೆಡ್‌ಮಾಸ್ತರರ ಪೆನ್ನನ್ನೇ ನೋಡುತ್ತ ನಿಂತಳು. ಹೊರಗೆ ಬಂದ ಮೇಲೂ ಸಿಟ್ಟು ಇಳಿದಿರಲಿಲ್ಲ.

ಗೇಟಿನ ಎದುರಿಗೆ, ಚಹಾ ಹೋಟೆಲಿನ ಬೆಂಚಿನ ಮೇಲೆ ಪೀರಪ್ಪ ಕುಳಿತಿದ್ದ. ಮುಂದೆ ತಂಗಿ, ಹಿಂದೆ ತಲೆ ತಗ್ಗಿಸಿದ ಮಾಸ್ತರರು ಬರುವುದನ್ನು ಕಂಡು ಅರ್ಧ ಎದ್ದ. ಇಲ್ಲೇನು ಕೆಲಸ ಎಂದು ಕೇಳಿದ. ಮಾಸ್ತರರು ಬೇರೆಲ್ಲೋ ನೋಡಿದರು.

ಶಿವಕಾಂತಮ್ಮ ನಿಲ್ಲಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಲವಾಡಿಯ ದಾರಿ ಹಿಡಿದಳು. ಪೀರಪ್ಪ ಅರ್ಧ ಎದ್ದವನು ಹಾಗೇ ಇದ್ದ. ಅವನ ಕೈಯ ಬಶಿಯಲ್ಲಿ ಆರಲೆಂದು ಸುರಿದಿದ್ದ ಚಹಾ ಕೆನೆಗಟ್ಟುತ್ತಿತ್ತು.