ಕ್ಯಾಪ್ಟನ್‌ನ ಹೆಂಡತಿಗೆ ಏನು ಹೇಳಬೇಕು

1
ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಹೀಗಿತ್ತು: ‘ಜಗತ್ತಿನ ಏಕೈಕ ಮಹಾಶಕ್ತಿ, ತನಗೆ ಮಣಿಯದ ದೇಶದ ಎಣ್ಣೆಯನ್ನು ಯಾರೂ ಸಾಗಿಸಬಾರದೆಂದು ಆಜ್ಞೆ ಹೊರಡಿಸಿತು.’ ಪೇಪರಿನ ಸಂಪಾದಕೀಯದಂತಿತ್ತು. ಹರಿದುಹಾಕಿದೆ.

ಮಹಾರಾಷ್ಟ್ರದ ಜತ್ತ ತಾಲೂಕಿನ ಕನ್ನಡದ ಊರು ಬಿಳೂರಿನಿಂದ ಶುರು ಮಾಡುತ್ತೇನೆ. ಉಮಾಶ್ರೀ ರೊಟ್ಟಿ ಬಡಿಯುತ್ತಿದ್ದಾಗ ಗಂಡ ರವಿಕುಮಾರನ ಫೋನ್ ಬಂತು. ಅವನು ಎಣ್ಣೆ ಸಾಗಿಸುವ ಹಡಗಿನಲ್ಲಿ ಫಿಟರ್.

“ಹೆಲಿಕಾಪ್ಟರ್ ಬಂದಾವು. ಮಿಲ್ಟ್ರಿಯವರು ಬಂದೂಕು ಹಿಡಕೊಂಡು ಹಗ್ಗದಗುಂಟ ಇಳ್ಯಾಕತ್ತಾರ. ಅವ್ವಗ ಹೇಳಬ್ಯಾಡ.”

ಕಟ್ಟಾಯಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

“ಯಾರದು ಫೋನು?” ಅತ್ತೆ ಮಲಕವ್ವ ಒಳಗಿನಿಂದ ಕೇಳಿದಳು.

“ನಿಮ್ಮ ಮಗಂದರಿ ಅತ್ತಿ. ಆರಾಮ ಅದಾರಂತ.”

2
(ಓದುಗರೇ, ಆ ಮಹಾಶಕ್ತಿಯ ಹೆಸರು ಬರೆದಿದ್ದೆ. ಅಳಿಸಿದೆ. ನನ್ನ ಹತ್ತಿರ ಹಡಗಿಲ್ಲ, ಎಣ್ಣೆಯೂ ಇಲ್ಲ. ಆದರೂ ಕೈ ತಾನಾಗಿ ಅಳಿಸಿತು. ಇದೂ ಅವರ ವಿದೇಶಾಂಗ ನೀತಿಯೇ ಇರಬೇಕು.)

ಆಮೇಲೆ ಎಷ್ಟೋ ದಿನ ಸುದ್ದಿಯಿಲ್ಲ. ಕೆಲಸ ಕೊಡಿಸಿದ ಏಜೆಂಟ್ ಫೋನ್ ಎತ್ತಲಿಲ್ಲ. ಉಮಾಶ್ರೀ ಸಾಂಗ್ಲಿಯ ಜಿಲ್ಲಾ ಕಚೇರಿಗೆ ಹೋಗಿ, ಗಂಡನನ್ನು ಬಿಡಿಸಿಕೊಡಿ ಎಂದು ಮರಾಠಿಯಲ್ಲಿ ಅರ್ಜಿ ಕೊಟ್ಟು ಬಂದಳು. ಅತ್ತೆ ಸುದ್ದಿ ನೋಡಬಾರದೆಂದು ಟಿವಿಯ ವೈರ್ ತಾನೇ ಕಿತ್ತಳು.

3
ಕೊನೆಗೆ ರವಿಕುಮಾರ ಅವರ ಜೈಲಿನಿಂದ ಫೋನಿನಲ್ಲಿ ಮಾತಾಡಿದ.

“ಒಂದು ಸಹಿ ಮಾಡಿದ್ರ ಬಿಡ್ತಾರಂತ. ಎಣ್ಣಿ ಯಾವ ದೇಶದ್ದು ಅಂತ ಕ್ಯಾಪ್ಟನ್‌ಗ ಗೊತ್ತಿತ್ತು ಅಂತ ನಾ ಹೇಳಬೇಕು.”

“ಗೊತ್ತಿತ್ತೇನ್ರಿ ಅವರಿಗೆ?”

“ನನಗೇನ ಗೊತ್ತು? ನಾ ಇಂಜಿನ್ ರೂಮಿನಾಗ ಇರಾಂವ.”

ವಿಚಾರಣೆ ಮಾಡಿದ ಅಧಿಕಾರಿ ಹೊಡೆಯಲಿಲ್ಲ, ಬೈಯಲಿಲ್ಲವಂತೆ. ಕಾಫಿ ಕೊಟ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ನಗುತ್ತಾ ಕೇಳಿದನಂತೆ. ಆಮೇಲೆ ಕಂಪ್ಯೂಟರಿನಲ್ಲಿ ಬಿಳೂರು ತೋರಿಸಿದ. ಆಕಾಶದಿಂದ ತೆಗೆದ ಚಿತ್ರ. ಬೆರಳಿಟ್ಟದ್ದು ಇವರ ಮನೆಯ ಮೇಲೆಯೇ.

“ಸಹಿ ಮಾಡಿ ಲಗೂನ ಬರ್ರಿ,” ಎಂದಳು ಉಮಾಶ್ರೀ.

4
ಇಲ್ಲಿ ನನಗೂ ಅವಳಿಗೂ ಜಗಳವಾಯಿತು. ರವಿಕುಮಾರ ಸಹಿ ಮಾಡಬಾರದು, ಕಥೆಗೆ ಘನತೆ ಬರುತ್ತದೆ ಎಂದೆ. ಹಾಗೆ ಒಂದು ಅಂತ್ಯ ಬರೆದೂ ಆಗಿತ್ತು.

“ನಿಮ್ಮ ಕಥಿ ಚಲೋ ಆಗಬೇಕಂತ ನಮ್ಮನಿಯವರು ಜೇಲಿನ್ಯಾಗ ಕೊಳೀಬೇಕೇನ್ರಿ ಸರ?”

ಆ ಅಂತ್ಯವನ್ನು ಕೈಬಿಟ್ಟೆ. ರವಿಕುಮಾರ ಸಹಿ ಮಾಡಿದ, ಬಂದ. “ಭಾಳ ಸೊರಗೀಯಲ್ಲೋ,” ಎಂದು ಮಲಕವ್ವ ಅವನ ಕೆನ್ನೆ ಸವರಿದಳು. ಸೆಕೆಯಿದ್ದರೂ ಅವನು ಅಂಗಳದಲ್ಲಿ ಮಲಗಲು ಒಪ್ಪಲಿಲ್ಲ.

“ಮ್ಯಾಲಿಂದ ಕಾಣತೈತಿ,” ಎಂದ.

5
(ಸುಖಾಂತ್ಯ ಬೇಕಾದವರು ಇಲ್ಲಿಗೇ ಎದ್ದು ಹೋಗಬಹುದು.)

ಒಂದು ಮಧ್ಯಾಹ್ನ ಉಮಾಶ್ರೀಗೆ ಕ್ಯಾಪ್ಟನ್‌ನ ಹೆಂಡತಿಯ ಫೋನ್ ಬಂತು. ಹಿಂದಿಯಲ್ಲಿ ಕೇಳಿದಳು: ನಿಮ್ಮವರು ಬಂದರಂತೆ, ನಮ್ಮವರನ್ನು ಬಿಡುತ್ತಿಲ್ಲ, ಯಾರೋ ಅವರ ವಿರುದ್ಧ ಸಾಕ್ಷಿ ಹೇಳಿದ್ದಾರಂತೆ, ಯಾರು ಅಂತ ನಿಮ್ಮವರಿಗೆ ಗೊತ್ತಾ?

ಬಾಗಿಲ ಹಿಂದೆ ನಿಂತಿದ್ದ ರವಿಕುಮಾರ ಕೈ ಅಲ್ಲಾಡಿಸಿದ. ಬೇಡ.

ಉಮಾಶ್ರೀ ಏನು ಹೇಳಿದಳು? ಒಂದು ಪುಟದಲ್ಲಿ ಅವಳಿಂದ ನಿಜ ಹೇಳಿಸಿದೆ. ಇನ್ನೊಂದರಲ್ಲಿ ಸುಳ್ಳು. ಎರಡನ್ನೂ ಅವಳಿಗೆ ಓದಿ ತೋರಿಸಿದೆ.

“ಎರಡೂ ಬ್ಯಾಡ್ರಿ ಸರ. ಯಾರರ ಇದನ್ನ ಕ್ಯಾಪ್ಟನ್‌ರ ಹೇಣ್ತಿಗೆ ಓದಿ ಹೇಳಿದ್ರ?”

ಕೈಯಲ್ಲಿದ್ದ ಫೋನನ್ನು ಬೋರಲಾಗಿ ಇಟ್ಟಳು.

“ಇವತ್ತೂ ಫೋನ್ ಮಾಡಿದ್ಲರಿ ಆಕಿ.”